ಗುಡ್ಡದ ಮೇಲಿನ ಕಾಯಿ ಚೂರು

ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವುದು ಸೀಟಿ ಊದಿ.

ನಾನು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ, ಗಂಗಾಧರಯ್ಯ. ಮುಂದೆ ಮನೆ, ಹಿಂದೆ ಮಂಡಿ. ಹಿಂದುಗಡೆ ಕಾಯಿ ಸುಲಿಸುತ್ತಲೋ ಚೀಲ ಹೊಲಿಸುತ್ತಲೋ ನಿಂತಿರುವಾಗ ಅಡುಗೆಮನೆಯ ಕಿಟಕಿಯಿಂದ ಒಂದು ಉದ್ದನೆಯ ಸೀಟಿ ಬಂದರೆ ಅನ್ನ ಆಗಿದೆ ಎಂದರ್ಥ. ಎರಡು ಗಿಡ್ಡ ಸೀಟಿ ಬಂದರೆ ನೆಂಟರು ಬಂದಿದ್ದಾರೆ, ಅಂಗಿ ಹಾಕಿಕೊಂಡು ಬನ್ನಿ ಎಂದರ್ಥ. ಇಡೀ ಬೀದಿಗೆ ಇದು ಬಾಯಿಪಾಠ. ಉದ್ದನೆಯದು ಕೇಳಿದ ಕೂಡಲೇ ಎದುರು ಅಂಗಡಿಯವನು, "ಏಳಿ ಯಜಮಾನ್ರೇ, ಸಾರು ಆರೋಗ್ತೈತೆ" ಎಂದು ನನ್ನನ್ನು ಎಬ್ಬಿಸುತ್ತಾನೆ. ಎರಡು ಗಿಡ್ಡವಾದರೆ ಅವನೇ ನನ್ನ ಅಂಗಿ ಹುಡುಕಿ ಕೊಡುತ್ತಾನೆ.

ಊದುವವಳು ನನ್ನ ಹೆಂಡತಿ ಕಮಲಾಕ್ಷಮ್ಮ. ಊರಿನ ಹೈಸ್ಕೂಲಿನಲ್ಲಿ ಹಿಂದಿ ಟೀಚರು. ಆದರೆ ನೀವೇನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಅವಳ ಬಾಯಲ್ಲಿ ಹಿಂದಿ ಬರುವುದೇ ಇಲ್ಲ, "ನಾನು ಗೈಡ್ ಕ್ಯಾಪ್ಟನ್" ಎನ್ನುತ್ತಾಳೆ. ಶಾಲೆಯ ಸ್ಕೌಟು ಹುಡುಗರೂ ಗೈಡು ಹುಡುಗಿಯರೂ ಸೇರಿದ ಗುಂಪಿಗೆ ಅವಳೇ ಹಿರಿಯಳು. ಸ್ಕೌಟ್ ಮಾಸ್ತರರು ಎಷ್ಟೋ ಜನ ಬಂದರು, ವರ್ಗವಾಗಿ ಹೋದರು. ಅವಳು ಮಾತ್ರ ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಅಲ್ಲೇ ಇದ್ದಳು.

ಮದುವೆಯಾಗಿ ಬಂದಾಗ ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಒಂದು ಹಗ್ಗದ ಸುರುಳಿ ಇತ್ತು. ನಮ್ಮವ್ವ ಅದನ್ನು ನೋಡಿ ಗಾಬರಿಯಾದರು.

"ಹಗ್ಗ ಯಾಕವ್ವಾ ತಂದೆ? ತೆಂಗಿನ ಮನೇಲಿ ಹಗ್ಗಕ್ಕೆ ಬರವಾ?"

"ಇದು ಗಂಟು ಕಲಿಯೋ ಹಗ್ಗ ಅತ್ತೆ" ಎಂದು ಅವಳು ಅಲ್ಲೇ ಕಂಬಕ್ಕೆ ಒಂದು ಗಂಟು ಹಾಕಿ ತೋರಿಸಿದಳು. ನಮ್ಮವ್ವ ಎಳೆದರು, ಜಗ್ಗಿದರು, ಗಂಟು ಬಿಡಲಿಲ್ಲ. ಅವಳು ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದದ್ದೇ ಗಂಟು ಬಿಚ್ಚಿಕೊಂಡಿತು. ವಾರದೊಳಗೆ ಅತ್ತೆ ಸೊಸೆಯರಿಬ್ಬರೂ ಕೊಟ್ಟಿಗೆಯಲ್ಲಿ ಗಂಟಿನ ಪಾಠಕ್ಕೆ ಕೂತರು. ಊರೆಲ್ಲ ಸುತ್ತುತ್ತಿದ್ದ ನಮ್ಮ ಪುಂಡ ಕರು ಆಮೇಲೆ ಒಂದು ದಿನವೂ ಬಿಚ್ಚಿಕೊಂಡು ಹೋಗಲಿಲ್ಲ. ಅವ್ವ ಇರುವವರೆಗೂ ನೆಂಟರಿಷ್ಟರ ಮುಂದೆ ಹೇಳಿಕೊಳ್ಳುತ್ತಿದ್ದ ಸೊಸೆಯ ಗುಣ ಅದೊಂದೇ. ಅಡುಗೆಯ ವಿಷಯ ಎತ್ತುತ್ತಿರಲಿಲ್ಲ.

ವರ್ಷಕ್ಕೊಂದು ಸಲ, ರಾಗಿ ಕೊಯ್ಲು ಮುಗಿದ ಮೇಲೆ, ಕಮಲಾಕ್ಷಿ ತನ್ನ ಮಕ್ಕಳನ್ನೆಲ್ಲ ಕಟ್ಟಿಕೊಂಡು ಕೋಡುಗಲ್ಲು ಗುಡ್ಡಕ್ಕೆ ಹೋಗುತ್ತಾಳೆ. ಜಾವಗಲ್ಲು ದಾಟಿ ಹಳೇಬೀಡಿನ ಕಡೆಗೆ ಹೋದರೆ ಎಡಕ್ಕೆ ಸಿಗುವ ಬೋಳು ಗುಡ್ಡ. ಬೆಳಿಗ್ಗೆ ಹತ್ತಿ ಸಂಜೆಗೆ ಇಳಿಯುವುದು. ತುದಿಯಲ್ಲಿ ಒಂದು ಕಾಯಿ ಒಡೆದು ಎಲ್ಲರಿಗೂ ಹಂಚುವುದು. ಆ ಕಾಯಿ ನಮ್ಮ ಮಂಡಿಯದು. ಜುಟ್ಟು ಬಿಟ್ಟು ಸುಲಿದು, ಅಲ್ಲಾಡಿಸಿ ನೀರಿನ ಸದ್ದು ಕೇಳಿ ನಾನೇ ಆರಿಸಿ ಕೊಡುತ್ತೇನೆ. ಸಂಜೆ ಬಿಸಿಲಿಗೆ ಕಪ್ಪಾದ ಮುಖ ಹೊತ್ತು ಬಂದವಳು ಬೂಟು ಬಿಚ್ಚುವ ಮೊದಲೇ ಸ್ಕಾರ್ಫಿನ ತುದಿಯ ಗಂಟು ಬಿಚ್ಚಿ ಒಂದು ಚೂರು ಕಾಯಿಯನ್ನು ನನ್ನ ಅಂಗೈ ಮೇಲೆ ಇಡುತ್ತಾಳೆ.

"ತಗೊಳ್ಳಿ, ಗುಡ್ಡದ ಕಾಯಿ."

"ಅಟ್ಟದ ತುಂಬ ಕಾಯಿ ಇಟ್ಕೊಂಡಿರೋನಿಗೆ ಇದೊಂದು ಕಮ್ಮಿಯಾಗಿತ್ತು ನೋಡು" ಎಂದು ನಾನು ಬಾಯಿಗೆ ಹಾಕಿಕೊಳ್ಳುತ್ತೇನೆ. ವರ್ಷ ವರ್ಷವೂ ಇದೇ ಮಾತು, ಇದೇ ಚೂರು. ನಾನು ಹೇಳದಿದ್ದರೆ ಅವಳಿಗೂ ಸಮಾಧಾನವಿಲ್ಲ.

ಮುಂದಿನ ಬೇಸಿಗೆಗೆ ಅವಳಿಗೆ ನಿವೃತ್ತಿ. ಹಾಗಾಗಿ ಈ ಸಲದ್ದು ಕಡೆಯ ಗುಡ್ಡ. ಸರಿಯಾಗಿ ಈ ವರ್ಷವೇ ಅವಳ ಬಲ ಮಂಡಿ ಹಟ ಹಿಡಿಯಿತು. ಹಾಸನದ ಡಾಕ್ಟರು ಫೋಟೋ ತೆಗೆಸಿ ನೋಡಿ, ಮೆಟ್ಟಿಲು ಕಡಿಮೆ ಮಾಡಿ ಎಂದರು. ಹಾಸನದಲ್ಲೇ ಬ್ಯಾಂಕಿನಲ್ಲಿರುವ ನಮ್ಮ ಮಗಳು ಸ್ವಾತಿ ಅದನ್ನು ಕೇಳಿಕೊಂಡು ನನಗೆ ಫೋನು ಮಾಡಿದಳು.

"ಅಪ್ಪಾ, ಅಮ್ಮ ಗುಡ್ಡದ ಬುಡದಲ್ಲೇ ಕೂರ್ತೀನಿ ಅಂತ ಮಾತು ಕೊಟ್ಟಿದ್ದಾಳೆ. ನೀವೂ ಜೊತೇಲಿ ಹೋಗಿ. ಕೂರೋದು ನೋಡ್ಕೊಂಡು ಬನ್ನಿ."

ಕಮಲಾಕ್ಷಿ ಮಾತು ಕೊಟ್ಟದ್ದನ್ನು ನಾನೂ ಕೇಳಿದ್ದೆ. ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಬೂಟಿಗೆ ಹೊಸ ಲೇಸು ಪೋಣಿಸುತ್ತ ಕೊಟ್ಟ ಮಾತು. ಅದೂ ಅಲ್ಲದೆ ಅವಳದೊಂದು ಕಟ್ಟುನಿಟ್ಟು ಇದೆ. ಎಲ್ಲರೂ ತುದಿ ಮುಟ್ಟಿದರೆ ಗುಂಪು ಹತ್ತಿದ ಹಾಗೆ. ಒಬ್ಬರು ಕೆಳಗುಳಿದರೂ ಎಲ್ಲರೂ ವಾಪಸು. ಯಾವುದೋ ವರ್ಷ ಒಬ್ಬ ಹುಡುಗಿಗೆ ಅರ್ಧದಲ್ಲಿ ವಾಂತಿಯಾಯಿತೆಂದು ಇಡೀ ಗುಂಪನ್ನು ಇಳಿಸಿಕೊಂಡು ಬಂದಿದ್ದಳು. ಒಡೆಯದ ಕಾಯಿಯನ್ನು ನನ್ನ ಕೈಗೇ ವಾಪಸು ಕೊಟ್ಟಿದ್ದಳು. ಈಗ ತಾನೇ ಬುಡದಲ್ಲಿ ಕೂತರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವಳ ಮುಖ ಸಪ್ಪಗಾಗುತ್ತಿತ್ತು.

ಆ ದಿನ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಕಮಲಾಕ್ಷಿ ಚೂಡಿದಾರ್ ಹಾಕುವುದು ವರ್ಷದಲ್ಲಿ ಆ ಒಂದು ದಿನ. ನನ್ನ ಕಾಲಲ್ಲಿ ಸ್ವಾತಿ ಕಳಿಸಿದ ಹೊಸ ಬೂಟು.

"ರೀ, ಬೂಟು ಕಚ್ಚುತ್ತಾ ನೋಡಿ, ಮೈದಾನ ಒಂದು ಸುತ್ತು ಹಾಕ್ಕೊಂಡು ಬನ್ನಿ" ಎಂದಳು.

ನಾನು ಸುತ್ತು ಹಾಕಿದೆ. ಮಂಡಿಯೊಳಗೆ ಗಾದಿಯಿಂದ ತಕ್ಕಡಿಗೆ, ತಕ್ಕಡಿಯಿಂದ ಗಾದಿಗೆ ಓಡಾಡುವ ಮನುಷ್ಯ ನಾನು. ಆದರೂ ಇಷ್ಟು ಮಕ್ಕಳು ನೋಡುತ್ತಿರುವಾಗ ಹೊಟ್ಟೆ ಒಳಗೆಳೆದುಕೊಂಡು ಗತ್ತಿನಿಂದಲೇ ನಡೆದೆ. ಸುತ್ತು ಮುಗಿದಾಗ ಅವಳು ತಲೆಯಾಡಿಸಿ ಗುಂಪಿನ ಬಾವುಟವನ್ನು ನನ್ನ ಕೈಗೆ ಕೊಟ್ಟಳು, ಕಾಯಿಯ ಚೀಲವನ್ನು ಹೆಗಲಿಗೆ ಹಾಕಿದಳು.

"ಈ ಸಲ ಮುಂದೆ ನಡೆಯೋರು ನೀವು. ತುದೀಲಿ ಕಾಯಿ ಒಡೆಯೋದೂ ನೀವೇ."

ಮಕ್ಕಳೆಲ್ಲ ಮೂರು ಬೆರಳೆತ್ತಿ ಸಲಾಮು ಹೊಡೆದರು. ನನಗೆ ಬಹಳ ಸಂತೋಷವಾಯಿತು. ಊರ ಹಿರಿಯ ವರ್ತಕ, ಕ್ಯಾಪ್ಟನ್ನಿನ ಗಂಡ, ಕಾಯಿ ಕೊಟ್ಟವನು. ಮುಂದೆ ನಡೆಯಲು ಬೇರೆ ಯಾರಿದ್ದಾರೆ? ಬಸ್ಸಿನಲ್ಲೂ ಬಾವುಟವನ್ನು ಕಿಟಕಿಯ ಹೊರಗೆ ಹಿಡಿದುಕೊಂಡೇ ಕೂತಿದ್ದೆ.

ಗುಡ್ಡದ ಬುಡದಲ್ಲಿ ಇಳಿದಾಗ ಹೊಲಗಳಲ್ಲಿ ರಾಗಿಯ ಕೂಳೆ ಮಾತ್ರ ಉಳಿದಿತ್ತು. ದೊಡ್ಡ ಹುಣಸೆಮರದ ಕೆಳಗೆ ಚೊಕ್ಕಟವಾದ ಕಲ್ಲುಹಾಸು. ಕೂರುವುದಕ್ಕೆ ಮಾಡಿಸಿದಂತಿತ್ತು. ನಾನು ಅದನ್ನು ಕಮಲಾಕ್ಷಿಗೆ ತೋರಿಸಿದೆ. ಅವಳು ಅತ್ತ ನೋಡಲೂ ಇಲ್ಲ, ಲೇಸು ಬಿಗಿ ಮಾಡಿಕೊಂಡಳು.

"ಸ್ವಾತಿಗೆ ಏನಂತ ಹೇಳ್ಲೇ?" ಎಂದೆ.

"ಸಂಜೆ ನಾನೇ ಹೇಳ್ಕೋತೀನಿ. ನೀವು ಸುಮ್ನೆ ಮುಂದೆ ನಡೀರಿ."

ಹೀಗೆ ಹೊರಟೆವು. ಮುಂದೆ ಬಾವುಟ ಹಿಡಿದ ನಾನು. ನನ್ನ ಹಿಂದೆ ದಳನಾಯಕಿ ಮಾಲಿನಿ, ಎರಡು ಜಡೆಯ ಗಂಭೀರ ಹುಡುಗಿ. ಅವಳ ಹಿಂದೆ ಚಿದಂಬರ ಎಂಬ ಗುಂಡು ಹುಡುಗ, ಬಸ್ಸಿನಲ್ಲೇ ಬುತ್ತಿ ಮುಗಿಸಿದವನು. ಆಮೇಲೆ ಉಳಿದ ಮಕ್ಕಳ ಸಾಲು. ನಡುವೆ ಹೊಸ ಸ್ಕೌಟ್ ಮಾಸ್ತರ ಉದಯಕುಮಾರ್, ಮುಂದಿನ ವರ್ಷದಿಂದ ಗುಂಪು ಅವನ ಕೈಗೆ. ತೋಳಿಗೆ ಫೋನು ಕಟ್ಟಿಕೊಂಡು ತನ್ನ ಹೆಜ್ಜೆ ತಾನೇ ಎಣಿಸಿಕೊಳ್ಳುವ ಚುರುಕು ಯುವಕ. ಎಲ್ಲರಿಗಿಂತ ಹಿಂದೆ ಕಮಲಾಕ್ಷಿ. ಕ್ಯಾಪ್ಟನ್ ನಡೆಯಬೇಕಾದದ್ದು ಕೊನೆಯಲ್ಲಂತೆ. ಯಾರೂ ಹಿಂದೆ ಉಳಿಯಬಾರದಲ್ಲ. ದಾರಿ ತಿರುಗುವ ಕಡೆಯೆಲ್ಲ ಅವಳು ಒಂದು ಗಿಡ್ಡ ಸೀಟಿ ಊದುತ್ತಾಳೆ. ಎಲ್ಲರೂ ಇದ್ದಾರೆ, ನಡೆಯಿರಿ ಎಂದರ್ಥ. ಅದು ಕೇಳಿದ ಮೇಲೇ ಮುಂದಿನವರು ಹೆಜ್ಜೆ ಇಡಬೇಕು.

ತಂಗಡಿ ಹೂ ಬಿಟ್ಟಿತ್ತು. ಗಾಳಿ ತಣ್ಣಗಿತ್ತು. ಬಾವುಟ ಪಟಪಟ ಎನ್ನುತ್ತಿತ್ತು. ಎರಡು ತಿರುವು ಕಳೆಯುವುದರಲ್ಲಿ ನನ್ನ ಉಸಿರೂ ಹಾಗೇ ಸದ್ದು ಮಾಡತೊಡಗಿತು. ಅಷ್ಟರಲ್ಲಿ ಮಾಲಿನಿ, "ಅಂಕಲ್, ಇಲ್ಲಿ ನಿಂತ್ಕೊಳ್ಳಿ, ಬಾವುಟದ ಜೊತೆ ಒಂದು ಫೋಟೋ" ಎಂದಳು. ನಿಂತೆ. ಮುಂದಿನ ತಿರುವಿನಲ್ಲಿ ಮತ್ತೆ ಫೋಟೋ. ಅದರ ಮುಂದೆ ಯಾವುದೋ ಹಕ್ಕಿ ತೋರಿಸಿ ಹೆಸರು ಕೇಳಿದಳು. ಗೊತ್ತಿಲ್ಲ ಎನ್ನಲು ಮನಸ್ಸಾಗದೆ ಬಹಳ ಹೊತ್ತು ದಿಟ್ಟಿಸಿ ನೋಡಿದೆ. ಈ ಹುಡುಗಿಗೆ ನನ್ನ ಮೇಲೆ ಎಷ್ಟು ಗೌರವ ಎಂದುಕೊಂಡೆ.

ಗುಟ್ಟು ಬಯಲು ಮಾಡಿದವನು ಚಿದಂಬರ.

"ತಾತ, ಹೋದ್ ವರ್ಷ ಬಾವುಟ ನಂದೇ ಇತ್ತು" ಎಂದ.

"ನಾನು ತಾತ ಅಲ್ಲ ಕಣೋ. ಹೌದಾ? ನೀನು ದಳನಾಯಕನೇನೋ?"

"ಅಲ್ಲ. ಯಾರು ಎಲ್ರಿಗಿಂತ ನಿಧಾನವೋ ಅವ್ರನ್ನ ಮಿಸ್ಸು ಮುಂದೆ ಹಾಕ್ತಾರೆ. ಅವ್ರನ್ನ ಯಾರೂ ದಾಟಂಗಿಲ್ಲ. ಮೈದಾನ ಸುತ್ತಿಸಿದ್ರಲ್ಲ, ಅದು ಬೂಟು ನೋಡಕ್ಕಲ್ಲ ತಾತ. ಯಾರು ನಿಧಾನ ಅಂತ ನೋಡಕ್ಕೆ. ಈ ಸಲ ನಾನು ಹೆದ್ರಿದ್ದೆ. ನೀವು ಬಂದ್ರಿ, ಬಚಾವಾದೆ."

ಮಾಲಿನಿ ಅವನ ಕಾಲು ತುಳಿದಳು. ತಡವಾಗಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಬಾವುಟ, ಸಲಾಮು, ಬಸ್ಸಿನ ಕಿಟಕಿ ಎಲ್ಲ ನೆನಪಾಯಿತು. ಹಾಗಾದರೆ ಫೋಟೋ? ಹಕ್ಕಿ? ಮಾಲಿನಿಯನ್ನು ನೋಡಿದೆ. ಅವಳು ನೆಲ ನೋಡುತ್ತ ಹೇಳಿದಳು: "ಮುಂದಿರೋರಿಗೆ ಏದುಸಿರು ಬಂದ್ರೆ ಸುಸ್ತಾಯ್ತಾ ಅಂತ ಕೇಳಬಾರದು ಅಂಕಲ್. ಬೇರೆ ಏನಾದ್ರೂ ಕೇಳಿ ನಿಲ್ಲಿಸ್ಬೇಕು. ಮಿಸ್ಸೇ ಹೇಳ್ಕೊಟ್ಟಿರೋದು."

ಈ ಹೆಂಗಸಿನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೆನಲ್ಲ ಎಂದು ಬುಸುಗುಡುತ್ತ ನಾನು ದಾಪುಗಾಲು ಹಾಕಿದೆ. ನಾನೂ ನಡೆಯಬಲ್ಲೆ ಎಂದು ತೋರಿಸಬೇಕಿತ್ತು. ತೋರಿಸಿದೆ. ಮುಂದಿನ ಕಾರೆಗಿಡದ ಹತ್ತಿರ ಬಾವುಟದ ಕೋಲಿಗೆ ನೇತುಬಿದ್ದು ನಿಂತೆ. ಹಿಂದೆ ಮಕ್ಕಳೆಲ್ಲ ನಿಂತರು. ಒಬ್ಬರೂ ಕಿಸಕ್ಕೆನ್ನಲಿಲ್ಲ, ಒಬ್ಬರೂ ದಾಟಲಿಲ್ಲ. ಚಿದಂಬರ ಗಂಭೀರವಾಗಿ, "ತಾತ, ಈ ಕಲ್ಲು ಯಾವ ಜಾತಿದು?" ಎಂದು ಕೇಳಿದ. ನನಗೆ ನಗು ತಡೆಯಲಾಗಲಿಲ್ಲ. ಉಸಿರಿಲ್ಲದ ಎದೆಯಿಂದಲೇ ನಕ್ಕೆ. ನಕ್ಕ ಮೇಲೆ ನಡಿಗೆ ಹಗುರವಾಯಿತು. ನನ್ನ ವೇಗವೇ ಎಲ್ಲರ ವೇಗ ಎಂದ ಮೇಲೆ ನಾಚಿಕೆ ಏತಕ್ಕೆ?

ಸೀಟಿಯ ಕಡೆಗೆ ಗಮನ ಹೋದದ್ದು ಆಗ. ಮೊದಮೊದಲು ತಿರುವಿನಲ್ಲಿ ನಾವು ನಿಂತ ಕೂಡಲೇ ಸೀಟಿ ಕೇಳುತ್ತಿತ್ತು. ಆಮೇಲೆ ನೀರು ಕುಡಿದು ಬಾಟಲಿ ಮುಚ್ಚುವಷ್ಟು ತಡವಾಗಿ ಬಂತು. ಅದರ ಮುಂದಿನದು ಇನ್ನೂ ತಡವಾಗಿ, ಇನ್ನೂ ದೂರದಿಂದ. ಆ ಸೀಟಿಯ ಸದ್ದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದು ಅವಳ ಮನೆಯ ಸೀಟಿಯಾಗಿರಲಿಲ್ಲ. ಹಲ್ಲು ಕಚ್ಚಿಕೊಂಡು ಊದಿದಂತಿತ್ತು.

ತುದಿಯ ಬಂಡೆ ಕಣ್ಣಿಗೆ ಕಾಣುವ ತಿರುವಿನಲ್ಲಿ ನಿಂತೆವು. ಸೀಟಿ ಬರಲೇ ಇಲ್ಲ.

ನಾನು ಬಾವುಟವನ್ನು ಮಾಲಿನಿಗೆ ಕೊಟ್ಟು ಸಾಲಿನ ಪಕ್ಕದಲ್ಲೇ ಇಳಿದೆ. ಕಮಲಾಕ್ಷಿ ಒಂದು ಕಲ್ಲಿನ ಮೇಲೆ ಕೂತು ಎರಡೂ ಕೈಯಿಂದ ಮಂಡಿ ಹಿಡಿದುಕೊಂಡಿದ್ದಳು. ಉದಯಕುಮಾರ್ ಪಕ್ಕದಲ್ಲಿ ನಿಂತಿದ್ದ. ನನ್ನನ್ನು ನೋಡಿ ನಗಲು ನೋಡಿದಳು, ನಗು ಬರಲಿಲ್ಲ.

"ನೀವೆಲ್ಲ ಹೋಗಿ ಬನ್ನಿ. ನಾನು ಇಲ್ಲೇ ಕೂತಿರ್ತೀನಿ" ಎಂದಳು.

"ಹೌದು ಮೇಡಂ, ಇನ್ನೇನು ಸ್ವಲ್ಪ ದೂರ. ನಾನು ಫಾಸ್ಟಾಗಿ ಮಕ್ಕಳನ್ನ ಕರ್ಕೊಂಡು ಹೋಗಿ ಬಂದ್ಬಿಡ್ತೀನಿ" ಎಂದ ಉದಯಕುಮಾರ್. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಅಷ್ಟರಲ್ಲಿ ಮಕ್ಕಳೆಲ್ಲ ಸಾಲು ಮುರಿದು ಸುತ್ತ ಸೇರಿದ್ದರು. ಮಾಲಿನಿ ಬಾವುಟ ಹಿಡಿದೇ ನಿಂತು, "ಮಿಸ್, ನೀವು ಬರಲ್ಲ ಅಂದ್ರೆ ನಾವೂ ಇಳೀತೀವಿ" ಎಂದಳು.

"ಹುಚ್ಚುಡುಗಿ, ತುದಿ ಅಲ್ಲೇ ಕಾಣ್ತಿದೆ. ಹೋಗ್ರೇ."

"ಒಬ್ರು ಕೆಳಗುಳಿದ್ರೂ ಗುಂಪು ಹತ್ತಿಲ್ಲ ಮಿಸ್. ನೀವೇ ಹೇಳಿರೋದು."

ಚಿದಂಬರ ಆಗಲೇ ನೆಲದ ಮೇಲೆ ಕೂತು ಬೂಟು ಬಿಚ್ಚತೊಡಗಿದ್ದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಕಮಲಾಕ್ಷಿ ಅವರನ್ನು ನೋಡಿದಳು, ತುದಿಯನ್ನು ನೋಡಿದಳು. ಅವಳ ಕಣ್ಣು ತುಂಬಿತು. ನಾನು ಅವಳು ಅಳುವುದನ್ನು ಕಂಡದ್ದು ಅಪರೂಪ.

"ಕಡೇ ವರ್ಷ ನನ್ನಿಂದಾನೇ ಮಕ್ಕಳು ಅರ್ಧದಲ್ಲಿ ಇಳಿಯೋ ಹಾಗಾಯ್ತಲ್ರೀ" ಎಂದಳು, ನನಗೆ ಮಾತ್ರ ಕೇಳುವಂತೆ.

ಕೊಬ್ಬರಿ ಮಂಡಿ ನಡೆಸುವವನಿಗೆ ತಕ್ಕಡಿ ಒಂದು ಕಡೆ ವಾಲಿದರೆ ಕೈ ತಾನಾಗಿ ಇನ್ನೊಂದು ಕಡೆಗೆ ಹೋಗುತ್ತದೆ.

"ಏನೇ, ನಿಧಾನದವ್ರು ಎಲ್ಲಿ ನಡೀಬೇಕು?" ಎಂದೆ.

ಅವಳು ತಲೆಯೆತ್ತಿದಳು.

"ಬೆಳಿಗ್ಗೆ ಮೈದಾನ ಸುತ್ತಿಸಿದ್ಯಲ್ಲ, ಬೂಟು ನೋಡಕ್ಕೆ? ಆಗ ನಾನು ನಿಧಾನ ಇದ್ದೆ, ಮುಂದೆ ಹಾಕ್ದೆ. ಈಗ ನೀನು ನನಗಿಂತ ನಿಧಾನ ಆಗಿದ್ದೀಯ. ಎದ್ದೇಳು. ನಿನ್ನ ಜಾಗ ಮುಂದೆ."

ಮಕ್ಕಳು ಹೋ ಎಂದು ಕೂಗಿದರು.

"ಕ್ಯಾಪ್ಟನ್ ಕೊನೇಲಿ ಇರ್ಬೇಕು ರೀ, ಯಾರಾದ್ರೂ ಉಳಿದ್ಬಿಟ್ರೆ..."

"ಕೊನೇಲಿ ನಾನಿರ್ತೀನಿ. ನನಗಿಂತ ಹಿಂದೆ ಉಳಿಯೋಕೆ ಯಾರಿಗೂ ಆಗಲ್ಲ. ಆ ಸೀಟಿ ಕೊಡು ಇಲ್ಲಿ."

ಮಂಡಿಗೆ ಮೊದಲು ಬ್ಯಾಂಡೇಜು ಕಟ್ಟಬೇಕಿತ್ತು. ಪ್ರಥಮ ಚಿಕಿತ್ಸೆ ಕಲಿತ ಮಕ್ಕಳಿಗೆ ಇಷ್ಟು ದಿನ ಸಿಕ್ಕಿದ್ದು ಒಬ್ಬರ ಕಾಲಿಗೆ ಒಬ್ಬರು ಸುಮ್ಮನೆ ಕಟ್ಟುವ ಅಭ್ಯಾಸ. ಈಗ ನಿಜವಾದ ರೋಗಿ ಸಿಕ್ಕಿದ್ದೇ ತಡ, ಜಗಳಕ್ಕೆ ಬಿದ್ದರು. ಮಾಲಿನಿ ಗೆದ್ದಳು. ಅವಳು ಸುತ್ತುತ್ತಿರುವಾಗ ಕಮಲಾಕ್ಷಿ ನೋವು ಮರೆತು, "ಇನ್ನೂ ಸ್ವಲ್ಪ ಬಿಗಿ, ಹಾಂ, ಈಗ ಗಂಟು ಪಕ್ಕಕ್ಕೆ ಬರ್ಲಿ" ಎಂದು ತಿದ್ದುತ್ತಿದ್ದಳು. ಆ ಹೊತ್ತಿನಲ್ಲಿ ಉದಯಕುಮಾರ್ ಬಸ್ಸಿನ ಡ್ರೈವರಿಗೆ ಫೋನು ಮಾಡಿದ. "ಮೇಡಂ, ಇಳಿಯೋಕೆ ಗುಡ್ಡದ ಹಿಂದುಗಡೆ ಗಾಡಿ ಜಾಡಿದೆ. ಸುತ್ತು, ಆದ್ರೆ ಇಳಿಜಾರು ಮೆತ್ತಗಿದೆ. ಬಸ್ಸನ್ನ ಆ ಕಡೆಗೆ ಬರ ಹೇಳಿದ್ದೀನಿ" ಎಂದ. ನಾನು ಮನಸ್ಸಿನಲ್ಲೇ ಅವನ ಬೆನ್ನು ತಟ್ಟಿದೆ.

ಕಮಲಾಕ್ಷಿ ಒಂದು ಕೈಯಲ್ಲಿ ಮಕ್ಕಳು ಕೊಟ್ಟ ಕೋಲು, ಇನ್ನೊಂದು ಕೈಯಲ್ಲಿ ಬಾವುಟ ಹಿಡಿದು, ಕಾಯಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಿಂತಳು. ನಾನು ಎಲ್ಲರ ಹಿಂದೆ ನಿಂತೆ.

ಸಾಲು ಹೊರಟಿತು. ಎಂಥ ನಿಧಾನ! ದಿಬ್ಬಣವೂ ಇದಕ್ಕಿಂತ ಬೇಗ ನಡೆಯುತ್ತದೆ. ಆದರೆ ನಿಲ್ಲಲಿಲ್ಲ. ಒಂದು ತಿರುವು ಬಂತು. ನಾನು ಸೀಟಿ ಬಾಯಿಗಿಟ್ಟು ಊದಿದೆ. ಬರೀ ಉಗುಳು ಬಂತು. ಇನ್ನೊಂದು ಸಲ ಊದಿದೆ. ಸದ್ದು ಬಂತು, ಸ್ವಲ್ಪ ಉದ್ದವಾಯಿತು. ಮುಂದಿನಿಂದ ಅವಳ ದನಿ ಕೇಳಿತು: "ಅನ್ನ ಇನ್ನೂ ಆಗಿಲ್ಲ ರೀ, ಗಿಡ್ಡ ಊದಿ!"

ಮಕ್ಕಳು ಅವಳ ವಿದ್ಯೆಯನ್ನು ಅವಳ ಮೇಲೇ ಪ್ರಯೋಗಿಸಿದರು. ಅವಳ ಹೆಜ್ಜೆ ತಡವರಿಸಿದರೆ ಸಾಕು, ಯಾರಾದರೂ ಒಬ್ಬರು ಪ್ರಶ್ನೆ ಎತ್ತುತ್ತಿದ್ದರು. ಚಿದಂಬರ ಆಕಾಶಕ್ಕೆ ಕೈ ತೋರಿಸಿ, "ಮಿಸ್, ಅದು ಯಾವ ಹಕ್ಕಿ?" ಎಂದ.

"ಅದು ಕಾಗೆ ಕಣೋ. ಅರಸೀಕೆರೇಲೂ ಇದೆ."

ಆದರೂ ನಿಂತು ನೋಡಿದಳು. ಎಲ್ಲರೂ ನಿಂತು ಕಾಗೆ ನೋಡಿದೆವು.

ಕೊನೆಯಲ್ಲಿ ನಡೆಯುವುದು ಏನೆಂದು ನನಗೆ ಆಗ ತಿಳಿಯಿತು. ಮುಂದೆ ಇದ್ದಾಗ ನನಗೆ ಕಂಡದ್ದು ಗುಡ್ಡ, ಆಕಾಶ, ನನ್ನ ಬಾವುಟ. ಹಿಂದಿನಿಂದ ಕಂಡದ್ದು ಬರೀ ಬೆನ್ನುಗಳು. ಬೆವರಿನ ಷರಟು, ವಾಲಾಡುವ ನೀರಿನ ಬಾಟಲಿ, ಬಿಚ್ಚಿಹೋದ ಜಡೆಯ ಟೇಪು, ಹಿಂದೆ ಬರುವವರು ಎಡವದಿರಲೆಂದು ಕಲ್ಲು ಬದಿಗೆ ಸರಿಸುತ್ತ ಹೋಗುವ ಪುಟ್ಟ ಕಾಲುಗಳು. ಇದನ್ನು ಹಿಂದೆ ಇರುವವರು ಮಾತ್ರ ನೋಡುತ್ತಾರೆ. ಕಮಲಾಕ್ಷಿ ಇಷ್ಟು ವರ್ಷ ಗುಡ್ಡ ನೋಡಲು ಹೋಗುತ್ತಿದ್ದಾಳೆ ಎಂದುಕೊಂಡಿದ್ದೆ. ಅವಳು ಹೋಗುತ್ತಿದ್ದುದು ಇದನ್ನು ನೋಡಲು. ನನಗೆ ಅವಳ ಮೇಲೆ ಬಹಳ ಪ್ರೀತಿ ಬಂತು. ಹೇಳಿಕೊಳ್ಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಸೀಟಿ ಊದಿದೆ.

ತುದಿಯ ಬಂಡೆಯ ಹತ್ತಿರ ಸಾಲು ನಿಂತಿತು. ಇಣುಕಿ ನೋಡಿದರೆ ಕಮಲಾಕ್ಷಿ ಅಭ್ಯಾಸಬಲದಿಂದ ಪಕ್ಕಕ್ಕೆ ಸರಿದು, ಕೈ ಚಾಚಿ, ಮಕ್ಕಳನ್ನು ಮುಂದೆ ಬಿಡಲು ನಿಂತಿದ್ದಳು.

"ಮಿಸ್, ಮುಂದಿರೋರನ್ನ ಯಾರೂ ದಾಟಂಗಿಲ್ಲ" ಎಂದಳು ಮಾಲಿನಿ.

ಕಮಲಾಕ್ಷಿ ಮಕ್ಕಳನ್ನು ನೋಡಿದಳು. ಯಾರೂ ಅಲುಗಲಿಲ್ಲ. ಕೋಲೂರಿ, ಎಡಗಾಲು ಮೊದಲು ಇಟ್ಟು, ಬಂಡೆ ಹತ್ತಿದಳು. ಕೋಡುಗಲ್ಲಿನ ತುದಿಯಲ್ಲಿ ಕಮಲಾಕ್ಷಮ್ಮ ಎಲ್ಲರಿಗಿಂತ ಮೊದಲು ಕಾಲಿಟ್ಟದ್ದು ಅದೇ ಮೊದಲ ಸಲ. ಮಕ್ಕಳು ಹಾಕಿದ ಕೂಗಿಗೆ ಹಳೇಬೀಡಿನವರು ಎದ್ದು ಕೂತಿರಬೇಕು. ದೂರದಲ್ಲಿ ಅವರ ಕೆರೆ ಬಿಸಿಲಿಗೆ ಬಿಳುಪಾಗಿ ಕಾಣುತ್ತಿತ್ತು. ಅದರಾಚೆ ಬಸ್ತಿಹಳ್ಳಿಯ ತೋಟಗಳು. ಇತ್ತ ನಮ್ಮೂರ ದಿಕ್ಕಿಗೆ ತೆಂಗೋ ತೆಂಗು.

ಅವಳು ಕಾಯಿ ಒಡೆದಳು. ಒಂದೇ ಏಟಿಗೆ ಎರಡು ಹೋಳು. ಆರಿಸಿದವನು ನಾನಲ್ಲವೆ. ಚಿದಂಬರನೂ ಅವನ ದಳದವರೂ ಚೂರು ಮಾಡಲು ಕೂತರು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಸ್ವಾತಿ. ನಾನು ಅದನ್ನು ಬಿಸಿ ಕೆಂಡದ ಹಾಗೆ ಅವಳಮ್ಮನ ಕೈಗೆ ದಾಟಿಸಿ ಕಿವಿಯನ್ನು ಹತ್ತಿರ ತಂದೆ.

"ಮಗಳೇ, ಮೇಲಿದ್ದೀನಿ ಕಣೇ" ಎಂದಳು ಕಮಲಾಕ್ಷಿ.

ಆ ಕಡೆಯಿಂದ ಸ್ವಾತಿಯ ದನಿ ಕೇಳಿತು: "ಮುಂದೆ ಯಾರನ್ನ ಹಾಕಿದ್ದೆ?"

ಸ್ವಾತಿಯೂ ಹಿಂದೆ ಇದೇ ಗುಂಪಿನ ಗೈಡಾಗಿದ್ದವಳು. ಸಣ್ಣವಳಿದ್ದಾಗ ಕೃಶವಾಗಿದ್ದಳು, ಒಂದು ವರ್ಷ ಬಾವುಟ ಅವಳದೇ ಆಗಿತ್ತು. ಸಂಜೆ ಬಂದು, "ಅಪ್ಪಾ, ಎಲ್ರೂ ನನ್ನ ಹಿಂದೇನೇ ಬಂದ್ರು" ಎಂದು ಕುಣಿದಿದ್ದಳು.

"ನನ್ನನ್ನೇ ಹಾಕಿದ್ರಮ್ಮಾ. ನಿಮ್ಮಪ್ಪ ಹಾಕಿದ್ರು."

"ಹಾಗಾದ್ರೆ ಸರಿ" ಎಂದಳು ಸ್ವಾತಿ. ದನಿ ಒದ್ದೆಯಾಗಿತ್ತು. "ಇಳಿಯುವಾಗ್ಲೂ ನೀನೇ ಮುಂದಿರು. ಸಂಜೆ ಬೈತೀನಿ."

ಚಿದಂಬರ ತಟ್ಟೆ ಹಿಡಿದು ಸಾಲಿನ ಮುಂದಿನಿಂದ ಹಂಚುತ್ತ ಬಂದ. ತಲೆಗೊಂದು ಚೂರು. ಕಡೆಯವನಾದ ನನ್ನ ಹತ್ತಿರ ಬರುವಾಗ ಉಳಿದಿದ್ದುದು ಕಂದು ಸಿಪ್ಪೆ ಅಂಟಿದ ಒಂದು ಚೂರು, ಹೆಬ್ಬೆರಳ ಉಗುರಿಗಿಂತ ಒಂದಿಷ್ಟು ದೊಡ್ಡದು. ನಮ್ಮ ಮಂಡಿಯಲ್ಲಾದರೆ ಅದನ್ನು ಇರುವೆಗೆ ಬಿಡುತ್ತಾರೆ.

"ಇಷ್ಟೇನೇನೋ?" ಎಂದೆ.

"ಕೊನೆಯವ್ರಿಗೆ ಯಾವಾಗ್ಲೂ ಅಷ್ಟೇ ತಾತ. ಮಿಸ್ಸಿಗೂ ಅಷ್ಟೇ ಸಿಗ್ತಿತ್ತು. ಅದನ್ನೂ ತಿಂತಿರ್ಲಿಲ್ಲ, ಸ್ಕಾರ್ಫಲ್ಲಿ ಗಂಟು ಹಾಕ್ಕೊಂಡ್ಬಿಡೋರು."

ಚೂರನ್ನು ಅಂಗೈ ಮೇಲೆ ಹೊರಳಿಸಿ ನೋಡಿದೆ. ವರ್ಷ ವರ್ಷವೂ ನನ್ನ ಅಂಗೈ ಮೇಲೆ ಬಂದು ಕೂರುತ್ತಿದ್ದ ಚೂರು ಇದೇ ಅಳತೆಯದು. ತಿಂದು ಮಿಕ್ಕಿದ್ದರಲ್ಲಿ ಒಂದನ್ನು ನನಗೆ ತರುತ್ತಾಳೆ ಎಂದುಕೊಂಡಿದ್ದೆ. ಗುಡ್ಡ ಹತ್ತಿದ್ದಕ್ಕೆ ಅವಳಿಗೆ ಸಿಗುತ್ತಿದ್ದುದೇ ಅದೊಂದು.

ತಿರುಗಿ ನೋಡಿದೆ. ಕಮಲಾಕ್ಷಿ ಬಂಡೆಯ ಮೇಲೆ ಕಾಲು ನೀಡಿಕೊಂಡು ಕೂತಿದ್ದಳು. ಮುಂದಿದ್ದವಳಿಗೆ ಮೊದಲ ಚೂರು, ದಪ್ಪನೆಯದು, ಬೆಳ್ಳಗಿನದು. ಅದನ್ನು ಸ್ಕಾರ್ಫಿನ ತುದಿಯಲ್ಲಿಟ್ಟು ಗಂಟು ಹಾಕುತ್ತಿದ್ದಳು.

"ಯಾರಿಗೇ ಕಟ್ಕೊಳ್ತಿದ್ದೀಯ?" ಎಂದೆ.

"ಇನ್ಯಾರಿಗ್ರೀ, ಮನೇಲಿ..." ಎಂದವಳು ತಲೆಯೆತ್ತಿ ನನ್ನನ್ನು ನೋಡಿದಳು. ಬೆರಳು ಗಂಟಿನ ಮೇಲೆ ಹಾಗೇ ನಿಂತವು.

ಆಮೇಲೆ ನಕ್ಕಳು. ಮಂಡಿ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಸ್ಕಾರ್ಫಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮಕ್ಕಳು ಏನೆಂದು ತಿಳಿಯದೆಯೇ ಜೊತೆಗೆ ನಕ್ಕರು. ಗಂಟು ಬಿಚ್ಚಿ, ಚೂರನ್ನು ನನ್ನ ಕೈಗಿಟ್ಟಳು.

"ತಗೊಳ್ಳಿ, ಗುಡ್ಡದ ಕಾಯಿ."

ನಾನು ನನ್ನ ಪಾಲಿನ ಚೂರನ್ನು ಅವಳ ಕೈಗಿಟ್ಟು ಪಕ್ಕದಲ್ಲಿ ಕೂತೆ. ವರ್ಷ ವರ್ಷ ಹೇಳುವ ಮಾತಿಗೆ ಅವಳು ಕಾಯುತ್ತಿದ್ದಳು. ಹೇಳಬೇಕೆಂದೇ ಇದ್ದೆ, ಆದರೆ ಬಾಯಿ ತುಂಬ ಕಾಯಿ ಇತ್ತು.